ಪರಿಹಾರ ಬೇರೆ, ಸಹಾಯಧನ ಬೇರೆ

'ಕಾಂಪೆನ್ಸೇಶನ್' ಎಂಬ ಇಂಗ್ಲಿಷ್ ಪದಕ್ಕೆ ನಾವು ಅರ್ಜಿಯಲ್ಲಿ ಒಮ್ಮೆ ಪರಿಹಾರ, ಒಮ್ಮೆ ಸಹಾಯಧನ ಎಂದು ಬರೆಯುತ್ತೇವೆ. ಎರಡೂ ಒಂದಲ್ಲ. ದುಡಿಮೆಗೆ ಸಿಗುವ ಪ್ರತಿಫಲಕ್ಕೂ ಇಂಗ್ಲಿಷಿನಲ್ಲಿ ಅದೇ ಪದ ಸಲ್ಲುತ್ತದೆ; ಅದಿರಲಿ. ಸಹಾಯಧನ ಕೊಡುವವರ ಮನಸ್ಸಿಗೆ ಬಿಟ್ಟದ್ದು. ಪರಿಹಾರವೋ, ಆದ ನಷ್ಟವನ್ನು ತುಂಬಿಕೊಡುವಂಥದು. ಅದನ್ನು ಕೇಳಲು ನಾಚಬೇಕಾಗಿಲ್ಲ.

ನಮ್ಮ ಕಾಸರಗೋಡಿನ ಗೇರುತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿ 10ರಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಇದು ಪರಿಹಾರ, ದಾನವಲ್ಲ. ಹಾಸಿಗೆ ಹಿಡಿದ ಮಗುವಿನ ಆರೋಗ್ಯ ಇಷ್ಟರಿಂದ ಮರಳಿ ಬಾರದು, ನಿಜ. ಜೀವನಪರ್ಯಂತ ಚಿಕಿತ್ಸೆಯ ಏರ್ಪಾಡನ್ನೂ ಪರಿಗಣಿಸುವಂತೆ ಕೋರ್ಟು ಆಗಲೇ ಹೇಳಿತ್ತು.