ಗಬ್ಬದ ಕುರಿಯ ಒಳಗೆ ಕಂಡದ್ದು

ಮರಿಗೆ ಹಾಲುಣಿಸುವ ಪ್ರಾಣಿಯೇ ಸಸ್ತನಿ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಮನುಷ್ಯ, ಹಸು, ಕುರಿ, ಹಂದಿ, ಇಲಿ, ಬಾವಲಿ ಎಲ್ಲವೂ ಸಸ್ತನಿಗಳೇ. ಆದರೆ ಇವುಗಳ ಮೈಯೊಳಗೂ ಹೆಚ್ಚುಕಡಿಮೆ ಒಂದೇ ತರಹದ ಅಂಗಗಳಿವೆ, ಅವು ಇರುವ ಜಾಗವೂ ಒಂದೇ ಅಂದರೆ ಕಣ್ಣಲ್ಲಿ ನೋಡುವ ತನಕ ನಂಬಿಕೆ ಬರುವುದಿಲ್ಲ.

ಅಮೆರಿಕದ ಶಾಲೆಗಳಲ್ಲಿ ಇದನ್ನು ಕಲಿಸಲು ಇನ್ನೂ ಹುಟ್ಟದ ಹಂದಿಮರಿಯನ್ನು ಕೊಯ್ದು ತೋರಿಸುತ್ತಾರೆ. ಮಾಂಸಕ್ಕೆಂದು ಕಡಿದ ಗಬ್ಬದ ಹಂದಿಗಳ ಹೊಟ್ಟೆಯಲ್ಲಿ ಸಿಕ್ಕ ಮರಿಗಳು ಅವು. ನಮ್ಮ ದೇಶದ ಕಾಲೇಜುಗಳಲ್ಲಿ ಮೊದಲು ಕಪ್ಪೆ, ಇಲಿ, ಜಿರಲೆ ಕೊಯ್ಯುತ್ತಿದ್ದರು. ಅದನ್ನು ಕಡಿಮೆ ಮಾಡಿ ಎಂದು ಯುಜಿಸಿ 2011ರಲ್ಲಿ ಹೇಳಿತು, 2014ರಲ್ಲಿ ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಕೊಯ್ಯುವುದನ್ನು ನಿಲ್ಲಿಸಿ ಎಂದಿತು. ನೋಡುವುದಕ್ಕೋಸ್ಕರ ಜೀವ ತೆಗೆಯುವುದು ಬೇಡ ಅಂತಲೇ ನನಗೂ ಅನಿಸುತ್ತದೆ. ಆದರೆ ತಾನಾಗಿ ಸತ್ತದ್ದನ್ನು ನೋಡಿ ಕಲಿಯುವುದು ಬೇರೆ ಮಾತು.

ಮೆಕ್ಕೆಜೋಳ ಮುರಿದ ಹೊಲದಲ್ಲಿ ನಮ್ಮ ದೊಡ್ಡಪ್ಪ ಕುರಿಮಂದೆ ಹಾಕಿದ್ದರು. ಎಂಬತ್ತು ಕುರಿ. ಬೆಳಗಾಗುವುದರೊಳಗೆ ಒಂದು ಗಬ್ಬದ ಕುರಿ ಸತ್ತಿತ್ತು, ಇನ್ನು ಮೂರು ಮೇವು ಬಿಟ್ಟು ತಲೆ ಇಳಿಬಿಟ್ಟು ನಿಂತಿದ್ದವು. ಇದು ಅಂಟುರೋಗವಾದರೆ ನಮ್ಮ ಹಿಂಡು ಮಾತ್ರ ಅಲ್ಲ, ಊರಿನ ಎಲ್ಲಾ ಹಿಂಡುಗಳಿಗೂ ಗಂಡಾಂತರ. ಪಶು ಡಾಕ್ಟರು ಬಂದು ಕೊಯ್ದು ನೋಡುತ್ತಾರೆ ಎಂದು ಗೊತ್ತಾದ ಕೂಡಲೇ ವಿಜ್ಞಾನದ ಮೇಷ್ಟ್ರು ಏಳನೇ ಕ್ಲಾಸಿನವರನ್ನು ಕರೆದುಕೊಂಡು ಹೋಗಿ ಮೂರು ಮಾರು ದೂರದಲ್ಲಿ, ಗಾಳಿ ಬರುವ ಕಡೆ ನಿಲ್ಲಿಸಿದರು.

ಇಲ್ಲೊಂದು ಮಾತು ಹೇಳಲೇಬೇಕು. ಸತ್ತ ಕುರಿಯನ್ನು ನಾವಾಗಿ ಕೊಯ್ಯಬಾರದು, ಮುಟ್ಟಲೂಬಾರದು. ನೆರಡಿ ರೋಗದಿಂದ ಸತ್ತಿದ್ದರೆ ಕೊಯ್ದ ತಕ್ಷಣ ಅದರ ವಿಷಕ್ರಿಮಿಗಳು ಮಣ್ಣಿಗೆ ಸೇರಿ ಎಷ್ಟೋ ವರ್ಷ ಹಾಗೇ ಉಳಿಯುತ್ತವೆ, ಮನುಷ್ಯರಿಗೂ ಹತ್ತುತ್ತವೆ. ಅದಕ್ಕೇ ಡಾಕ್ಟರು ಮೊದಲು ಕುರಿಯ ಕಿವಿಯಿಂದ ಒಂದು ತೊಟ್ಟು ರಕ್ತ ಗಾಜಿನ ಪಟ್ಟಿಯ ಮೇಲೆ ಸವರಿ, ಆಸ್ಪತ್ರೆಯ ಸೂಕ್ಷ್ಮದರ್ಶಕದಲ್ಲಿ ನೋಡಿಕೊಂಡು ಬಂದ ಮೇಲೆಯೇ ಕತ್ತಿ ಹಿಡಿದದ್ದು. ಕಂದು ರೋಗವೂ ಹಾಗೆಯೇ, ಗಬ್ಬದ ಕುರಿಯ ನೀರು, ಕಸ ಮುಟ್ಟಿದವರಿಗೆ ಅದು ಬರಬಹುದು. ಅವರು ಕೈಗೆ ಗ್ಲೌಸು, ಮೂಗಿಗೆ ಬಟ್ಟೆ ಹಾಕಿಕೊಂಡಿದ್ದರು.

ಹೊಟ್ಟೆ ತೆರೆದಾಗ ಎಡಗಡೆ ಪೂರ್ತಿ ಒಂದೇ ದೊಡ್ಡ ಚೀಲ. ಕುರಿಯ ಜಠರಕ್ಕೆ ನಾಲ್ಕು ಭಾಗ, ಇದು ಮೊದಲನೆಯದು. ಎರಡನೆಯದರ ಒಳಗೋಡೆ ಜೇನುಗೂಡಿನ ಹಾಗೆ, ಮೂರನೆಯದು ಪುಸ್ತಕದ ಹಾಳೆಗಳ ಹಾಗೆ. ನಾಲ್ಕನೆಯದು ಮಾತ್ರ ನಮ್ಮ ಜಠರದ ಹಾಗೆ ಕೆಲಸ ಮಾಡುತ್ತದೆ. ಬೋಟಿ ತೊಳೆಯುವವರ ಮನೆಯಲ್ಲಿ ಇದನ್ನೆಲ್ಲ ನೋಡಿಯೇ ಇರುತ್ತೀರಿ, ಹೆಸರು ಗೊತ್ತಿರಲಿಲ್ಲ ಅಷ್ಟೆ. ಕುರಿಯ ಸಣ್ಣಕರುಳು ಸುಮಾರು 25 ಮೀಟರ್ ಉದ್ದ. ಮನುಷ್ಯನದು ಸುಮಾರು 6 ಮೀಟರ್. ಹುಲ್ಲು ಅರಗಿಸುವುದು ಅಷ್ಟು ಸುಲಭವಲ್ಲ.

ಎದೆಗೂ ಹೊಟ್ಟೆಗೂ ನಡುವೆ ಪರದೆಯ ಹಾಗಿರುವ ಮಾಂಸವೇ ವಪೆ. ಇಂಥ ವಪೆ ಸಸ್ತನಿಗಳಿಗೆ ಮಾತ್ರ ಇರುವುದು. ಅದು ಕೆಳಕ್ಕೆ ಸರಿದರೆ ಉಸಿರು ಒಳಕ್ಕೆ, ಮೇಲಕ್ಕೆ ಬಂದರೆ ಹೊರಕ್ಕೆ. ನಮಗೆ ಬಿಕ್ಕಳಿಕೆ ಬರುವುದೂ ಇದು ತಟ್ಟನೆ ಕುಗ್ಗುವುದರಿಂದಲೇ. ಕತ್ತಿನ ಮೂಳೆ ಎಣಿಸಿದರೆ ಏಳು. ನಿಮಗೂ ಏಳು, ಜಿರಾಫೆಗೂ ಏಳು.

ಆಮೇಲೆ ಗರ್ಭಕೋಶ ತೆರೆದರು. ಇನ್ನು ಮೂರು ನಾಲ್ಕು ವಾರ ಕಳೆದಿದ್ದರೆ ಹುಟ್ಟುತ್ತಿತ್ತು. ಕುರಿಯ ಗಬ್ಬ ಐದು ತಿಂಗಳು, ಸುಮಾರು 150 ದಿನ. ಕಣ್ಣು ಮುಚ್ಚಿ, ಕಾಲು ಮಡಚಿಕೊಂಡು ನೀರಿನ ಚೀಲದಲ್ಲಿ ಮಲಗಿತ್ತು. ನಮ್ಮಲ್ಲಿ ಇಬ್ಬರು ಮುಖ ತಿರುಗಿಸಿಕೊಂಡರು, ಅದು ತಪ್ಪೇನೂ ಅಲ್ಲ. ಗೊರಸಿನ ತುದಿಯಲ್ಲಿ ಗಿಣ್ಣದಂತೆ ಮೆತ್ತನೆಯ ಹಳದಿ ಪದರ ಇತ್ತು. ಮರಿ ಒದ್ದಾಗ ತಾಯಿಯ ಗರ್ಭ ಹರಿಯದಿರಲಿ ಎಂದು ಪ್ರಕೃತಿ ಹಾಕಿದ ಚಪ್ಪಲಿ ಅದು. ಹುಟ್ಟಿ ನಡೆದಾಡುವಾಗ ತಾನೇ ಸವೆದು ಹೋಗುತ್ತದೆ.

ಕಸ, ಅಂದರೆ ಮಾಸು, ಮನುಷ್ಯರಲ್ಲಿ ಒಂದೇ ರೊಟ್ಟಿಯ ಹಾಗೆ ಇರುತ್ತದಂತೆ. ಕುರಿಯಲ್ಲಿ ಅಂಗಿ ಗುಂಡಿಗಳ ಹಾಗೆ ಬಿಡಿಬಿಡಿ, ಸುಮಾರು 70ರಿಂದ 100. ಈ ಗುಂಡಿಗಳಲ್ಲಿ ತಾಯಿಯ ರಕ್ತ, ಮರಿಯ ರಕ್ತ ಹತ್ತಿರ ಹತ್ತಿರ ಹರಿಯುತ್ತವೆ, ಆದರೆ ಒಂದಕ್ಕೊಂದು ಬೆರೆಯುವುದಿಲ್ಲ. ನಡುವಿನ ತೆಳುಪೊರೆಯ ಮೂಲಕ ಆಹಾರ, ಆಮ್ಲಜನಕ ಆಚೆ ಹೋಗುತ್ತದೆ, ಕೊಳೆ ಈಚೆ ಬರುತ್ತದೆ.

ಡಾಕ್ಟರು ತಾಯಿಯ ಶ್ವಾಸಕೋಶದ ಒಂದು ತುಂಡು, ಮರಿಯದೊಂದು ತುಂಡು ತೆಗೆದು ಬಕೆಟ್ ನೀರಿಗೆ ಹಾಕಿದರು. ನಸುಗೆಂಪಿನ ತಾಯಿಯದು ತೇಲಿತು. ಕಲೀಜದ ಹಾಗೆ ಕಪ್ಪುಗೆಂಪಾಗಿದ್ದ ಮರಿಯದು ತಳ ಸೇರಿತು.

"ಯಾಕೆ ಹೇಳ್ರಪ್ಪಾ?" ಎಂದು ಕೇಳಿದರು.

ನನ್ನ ಗೆಳತಿ "ಅದು ಇನ್ನೂ ಉಸಿರೇ ಆಡಿಲ್ಲ ಸಾರ್" ಅಂದಳು. ಸರಿಯಾದ ಉತ್ತರ. ಒಂದು ಸಲ ಗಾಳಿ ಹೊಕ್ಕ ಶ್ವಾಸಕೋಶದಲ್ಲಿ ಸ್ವಲ್ಪವಾದರೂ ಗಾಳಿ ಉಳಿದಿರುತ್ತದೆ, ಅದಕ್ಕೇ ತೇಲುತ್ತದೆ.

ಹೃದಯಕ್ಕೆ ನಮ್ಮ ಹಾಗೇ ನಾಲ್ಕು ಕೋಣೆ. ಆದರೆ ಮರಿಯ ಬಲ ಹೃತ್ಕರ್ಣದಿಂದ ಎಡ ಹೃತ್ಕರ್ಣಕ್ಕೆ ಒಂದು ತೂತು ಇತ್ತು, ಕಡ್ಡಿ ತೂರಿಸಿ ತೋರಿಸಿದರು. ಉಸಿರಾಡದ ಶ್ವಾಸಕೋಶಕ್ಕೆ ರಕ್ತ ಹೋಗಿ ಏನು ಮಾಡಬೇಕು? ಒಂದಷ್ಟು ರಕ್ತ ಈ ಒಳದಾರಿಯಲ್ಲೇ ದಾಟುತ್ತದೆ. ಹುಟ್ಟಿ ಉಸಿರಾಡಿದ ಮೇಲೆ ತೂತು ಮುಚ್ಚುತ್ತದೆ. ನಾವು ಹುಟ್ಟುವಾಗಲೂ ಹೀಗೇ ಆದದ್ದು. "ಹೃದಯದಲ್ಲಿ ತೂತು" ಎಂದು ಕೆಲವು ಮಕ್ಕಳನ್ನು ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರಲ್ಲ, ಆ ತೂತುಗಳಲ್ಲಿ ಒಂದು ಬಗೆ ಇದೇ ಜಾಗದ್ದು.

ಮರಿಯ ಜಠರದಲ್ಲಿ ಲೆಕ್ಕ ತಿರುವುಮುರುವು. ತಾಯಿಯಲ್ಲಿ ಅಷ್ಟು ದೊಡ್ಡದಿದ್ದ ಮೊದಲ ಚೀಲ ಇಲ್ಲಿ ಸಣ್ಣದು, ನಾಲ್ಕನೆಯದೇ ದೊಡ್ಡದು. ಹಾಲು ಕುಡಿಯುವ ಮರಿಗೆ ಹುಲ್ಲಿನ ಚೀಲ ಯಾಕೆ ಬೇಕು!

ಇಷ್ಟರಲ್ಲಿ ದೊಡ್ಡಪ್ಪ "ಮಿಕ್ಕವು ಉಳಿತಾವೇನ್ರಿ ಸಾರ್?" ಅಂತ ಎರಡು ಸಲ ಕೇಳಿಯಾಗಿತ್ತು. ಡಾಕ್ಟರು ಮೂತ್ರಪಿಂಡ ಒತ್ತಿ ನೋಡಿದರು. ಕರುಳುಬೇನೆಯಾಗಿದ್ದರೆ ಅದು ಕೊಳೆತ ಹಣ್ಣಿನ ಹಾಗೆ ಮೆತ್ತಗಾಗುತ್ತದೆ, ಇದು ಗಟ್ಟಿಯಾಗಿತ್ತು. ಶ್ವಾಸಕೋಶದಲ್ಲೂ ರೋಗದ ಗುರುತು ಇಲ್ಲ. ಕೊನೆಗೆ ಆ ದೊಡ್ಡ ಚೀಲ ಕೊಯ್ದರು. ಹುಳಿ ಹಿಟ್ಟಿನ ವಾಸನೆ, ಒಳಗೆಲ್ಲ ಮೆಕ್ಕೆಜೋಳದ ಕಾಳು. ಬಣ್ಣ ಬದಲಾಯಿಸುವ ಕಾಗದ ಅದ್ದಿದರೆ ಆಮ್ಲ ಎಂದು ತೋರಿಸಿತು, ನಮ್ಮ ಪಾಠದ ಲಿಟ್ಮಸ್ ಕಾಗದದ ಅಣ್ಣ ಅದು. ಹೊಲದಲ್ಲಿ ಉಳಿದಿದ್ದ ತೆನೆಗಳನ್ನು ಕುರಿಗಳು ಒಂದೇ ಸಲ ಹೊಟ್ಟೆ ತುಂಬ ತಿಂದಿದ್ದವು. ಹುಲ್ಲು ನಿಧಾನವಾಗಿ ಹುದುಗುತ್ತದೆ, ಕಾಳಿನ ಪಿಷ್ಟ ಬೇಗ ಹುದುಗಿ ಆಮ್ಲವಾಗುತ್ತದೆ. ಆ ಆಮ್ಲ ಮೈಯ ನೀರನ್ನೆಲ್ಲ ಜಠರಕ್ಕೆ ಎಳೆದುಕೊಳ್ಳುತ್ತದೆ, ರಕ್ತಕ್ಕೂ ಸೇರುತ್ತದೆ.

ಅಂಟುರೋಗ ಅಲ್ಲ ಎಂದ ಕೂಡಲೇ ದೊಡ್ಡಪ್ಪ ಕೂತುಬಿಟ್ಟರು. ಮೇವು ಬಿಟ್ಟ ಮೂರಕ್ಕೆ ಡಾಕ್ಟರೇ ಅಳತೆ ಹೇಳಿ ಅಡುಗೆ ಸೋಡಾ ನೀರು ಕುಡಿಸಿದರು, ಇಂಜೆಕ್ಷನ್ ಕೊಟ್ಟರು. ಎರಡು ಮಾರನೇ ದಿನ ಮೆಲುಕು ಹಾಕಿದವು, ಒಂದು ಉಳಿಯಲಿಲ್ಲ. ತಾಯಿ, ಮರಿ ಎರಡನ್ನೂ ಆಳದ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದರು. ಈಗ ತೆನೆ ಆರಿಸಿದ ಹೊಲಕ್ಕೇ ಮಂದೆ ಹಾಕುತ್ತಾರೆ.

ಕೆಳಗೆ ಮರಿಯ ಚಿತ್ರ ಬರೆದಿದ್ದೇನೆ. ಹೊಕ್ಕುಳಬಳ್ಳಿಯಲ್ಲಿ ಎರಡು ಅಪಧಮನಿ, ಎರಡು ಅಭಿಧಮನಿ ಇವೆ (ಮನುಷ್ಯರಲ್ಲಿ ಅಭಿಧಮನಿ ಒಂದೇ). ಅಭಿಧಮನಿಗೆ ಕೆಂಪು, ಅಪಧಮನಿಗೆ ನೀಲಿ ಬಣ್ಣ ಹಚ್ಚಿರುವುದನ್ನು ನೋಡಿ ಯಾರೂ ಪೆನ್ಸಿಲಿನಲ್ಲಿ ತಿದ್ದಬೇಡಿ. ಹುಟ್ಟದ ಮರಿಗೆ ಆಮ್ಲಜನಕದ ರಕ್ತ ತರುವುದು ಅಭಿಧಮನಿಯೇ.