400 ಕಿ.ಮೀ. ಸೈಕಲ್ ಯಾನ: ದಾರಿಬದಿಯಲ್ಲಿ ನಿಂತವರ ಹೊಣೆ

ಈ ಅಂಕಣವನ್ನು ತಪ್ಪದೆ ಓದುವ ಹಿರಿಯರೊಬ್ಬರು ಕಳೆದ ತಿಂಗಳು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಮೊಣಕಾಲು ನೋವಿಗೆ ಎಣ್ಣೆ ಒಯ್ಯಲು ಬಂದವರು, ಏಳುವ ಹೊತ್ತಿಗೆ ಮೆಲ್ಲನೆ ಮಾತು ತೆಗೆದರು: “ನಮ್ಮ ಹುಡುಗ ಒಂದೇ ಸವನೆ ನಾನೂರು ಕಿಲೋಮೀಟರ್ ಸೈಕಲ್ ತುಳೀತೀನಿ ಅಂತಾನ್ರೀ ಡಾಕ್ಟರ. ಬ್ಯಾಡ ಅನ್ನಲೋ, ಆಶೀರ್ವಾದ ಮಾಡಲೋ ತಿಳೀವಲ್ದು.”

ನಾನು ಕೂಡಲೇ ಉತ್ತರಿಸಲಿಲ್ಲ. ಮೂರು ವರ್ಷಗಳಿಂದ ಇಂಥ ಯಾನಗಳಲ್ಲಿ ದಾರಿಬದಿಯ ವೈದ್ಯನಾಗಿ ನಾನೇ ಕುಳಿತಿದ್ದೇನೆ. ಮೊದಲ ವರ್ಷವೇ ಒಬ್ಬ ಸವಾರನಿಗೆ ನನ್ನ ಕೈಯಿಂದ ಕೇಡಾಗುವುದು ಸ್ವಲ್ಪದರಲ್ಲಿ ತಪ್ಪಿತ್ತು. ಆ ಸಂಗತಿಯನ್ನು ಮುಚ್ಚಿಟ್ಟು ಉಪದೇಶ ಮಾಡುವುದು ಸರಿಯಲ್ಲ ಎನಿಸಿ, ಅವರಿಗೆ ಹೇಳಬೇಕಾದುದನ್ನು ಎಲ್ಲ ಓದುಗರಿಗೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಈ ಯಾನವೆಂದರೇನು ಎಂಬುದನ್ನು ತಿಳಿಯಬೇಕು. ಇದನ್ನು ‘ಬ್ರೆವೆ’ ಎನ್ನುತ್ತಾರೆ, ಫ್ರೆಂಚ್ ಮಾತು. ಇಟಲಿಯಲ್ಲಿ 1897ರಲ್ಲಿ ಕೆಲವು ಸವಾರರು ರೋಮ್‌ನಿಂದ ನೇಪಲ್ಸ್‌ವರೆಗಿನ ಸುಮಾರು 230 ಕಿ.ಮೀ. ದಾರಿಯನ್ನು ಸೂರ್ಯೋದಯದಿಂದ ಸೂರ್ಯಾಸ್ತದೊಳಗೆ ಕ್ರಮಿಸಿದರು. ಅದರ ಸ್ಫೂರ್ತಿಯಿಂದ ಫ್ರಾನ್ಸಿನಲ್ಲಿ 1904ರಲ್ಲಿ ಒಡಾಕ್ಸ್ ಕ್ಲಬ್ ಪಾರಿಸಿಯೆನ್ ಹುಟ್ಟಿತು. ಇಂದು ಜಗತ್ತಿನಾದ್ಯಂತ ನಡೆಯುವ ಬ್ರೆವೆಗಳಿಗೆ ಮಾನ್ಯತೆ ನೀಡುವುದು ಆ ಸಂಸ್ಥೆಯೇ. 200, 300, 400, 600 ಕಿ.ಮೀ. ಎಂಬ ಮೆಟ್ಟಿಲುಗಳಿವೆ. ಅವಕ್ಕೆ ಕ್ರಮವಾಗಿ ಹದಿಮೂರೂವರೆ, 20, 27 ಮತ್ತು 40 ಗಂಟೆಗಳ ಗಡುವು. ನಾಲ್ಕನ್ನೂ ಒಂದೇ ಋತುವಿನಲ್ಲಿ ಮುಗಿಸಿದವರಿಗೆ ‘ಸೂಪರ್ ರಾಂಡೊನರ್’ ಎಂಬ ಗೌರವ. ಇದು ಪಂದ್ಯವಲ್ಲ ಎಂಬುದು ಮುಖ್ಯ. ಮೊದಲು ಬಂದವರಿಗೂ ಗಡುವಿಗೆ ಐದು ನಿಮಿಷ ಮೊದಲು ಬಂದವರಿಗೂ ಸಿಗುವ ಮನ್ನಣೆ ಒಂದೇ. ಈ ಒಂದು ನಿಯಮಕ್ಕಾಗಿಯೇ ನನಗೆ ಈ ಯಾನ ಇಷ್ಟವಾಯಿತು.

ಇವೆಲ್ಲದರ ಶಿಖರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್, 1200 ಕಿ.ಮೀ. 1891ರಲ್ಲಿ ಅದು ಪಂದ್ಯವಾಗಿ ಆರಂಭವಾಯಿತು. ಗೆದ್ದ ಶಾರ್ಲ್ ತೆರೋಂ 71 ಗಂಟೆಗಳಿಗೂ ಹೆಚ್ಚು ಹೊತ್ತು ತುಳಿದ. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಆ ಯಾನದ ಗರಿಷ್ಠ ಗಡುವು 90 ಗಂಟೆ. ನಮ್ಮ ಕನ್ನಡ ನಾಡಿನ ಸವಾರರೂ ಹೋಗಿ ಬಂದಿದ್ದಾರೆ. ಅವರು ಹೇಳುವ ಕತೆಗಳಲ್ಲಿ ಗಾಳಿ, ಏರು, ಚಳಿಗಳಿಗಿಂತ ಹೆಚ್ಚಾಗಿ ಬರುವುದು ಆ ಹಳ್ಳಿಗರ ವಿಷಯ. ನಡುರಾತ್ರಿಯಲ್ಲಿ ಮನೆಯ ಮುಂದೆ ಮೇಜು ಹಾಕಿ, ನೀರು, ಕಾಫಿ, ತಿಂಡಿ ಇಟ್ಟುಕೊಂಡು ಕಾಯುತ್ತಾರಂತೆ. ಹಣ ಮುಟ್ಟುವುದಿಲ್ಲ, ಕೆಲವರು ಊರಿಗೆ ಮರಳಿದ ಮೇಲೆ ಒಂದು ಅಂಚೆ ಕಾರ್ಡು ಕಳಿಸಿರೆಂದು ಮಾತ್ರ ಕೇಳುತ್ತಾರಂತೆ. ದಾಸೋಹದ ಅರ್ಥ ಬಲ್ಲ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಾನು ಕುಳಿತದ್ದು ಹುಬ್ಬಳ್ಳಿಯಿಂದ ಚಿತ್ರದುರ್ಗಕ್ಕೆ ಹೋಗಿ ಮರಳುವ 400 ಕಿ.ಮೀ. ಯಾನದಲ್ಲಿ. ದಾರಿಯಲ್ಲಿ ಅಲ್ಲಲ್ಲಿ ‘ಕಂಟ್ರೋಲ್’ ಎಂಬ ತಾಣಗಳಿರುತ್ತವೆ. ಸವಾರ ಅಲ್ಲಿ ಇಳಿದು ತನ್ನ ಬ್ರೆವೆ ಕಾರ್ಡಿಗೆ ಮುದ್ರೆ ಒತ್ತಿಸಿ, ವೇಳೆ ಬರೆಸಿಕೊಳ್ಳಬೇಕು. ಪ್ರತಿ ಕಂಟ್ರೋಲಿಗೂ ತೆರೆಯುವ ಮತ್ತು ಮುಚ್ಚುವ ವೇಳೆಯುಂಟು. ಮುಚ್ಚುವ ವೇಳೆಯನ್ನು ಗಂಟೆಗೆ 15 ಕಿ.ಮೀ. ಸರಾಸರಿಯಂತೆ ಲೆಕ್ಕ ಹಾಕುತ್ತಾರೆ. ರಾಣೆಬೆನ್ನೂರಿನ ಬಳಿ ಹೆದ್ದಾರಿ ಪಕ್ಕದ ಖಾನಾವಳಿಯೊಂದರ ಅಂಗಳ ನಮ್ಮ ತಾಣ. ಹೋಗುವಾಗ ಅದು ಸುಮಾರು 100ನೆಯ ಕಿ.ಮೀ., ಬರುವಾಗ ಸುಮಾರು 300ನೆಯದು. ಬೆಳಿಗ್ಗೆ 6 ಗಂಟೆಗೆ ಹೊರಟವರು ಮರಳುವಾಗ ನಮ್ಮಲ್ಲಿಗೆ ರಾತ್ರಿ 2 ಗಂಟೆಯೊಳಗೆ ಬರಲೇಬೇಕು. ಕಂಟ್ರೋಲುಗಳ ನಡುವೆ ಸವಾರನ ಹಿಂದೆ ವಾಹನ ಓಡಿಸಿ ಸಹಾಯ ಮಾಡುವಂತಿಲ್ಲ. ಟೈರು ಪಂಕ್ಚರ್ ಆದರೂ ತಾನೇ ಸರಿಮಾಡಿಕೊಳ್ಳಬೇಕು. ಶಿರಸ್ತ್ರಾಣ, ರಾತ್ರಿಯಲ್ಲಿ ಮುಂದೆ ಹಿಂದೆ ದೀಪ, ಬೆಳಕಿಗೆ ಹೊಳೆಯುವ ಅಂಗಿ ಇವು ಕಡ್ಡಾಯ. ಹೀಗಾಗಿ ಸಂಘಟಕರಿಗೆ ಸವಾರನ ಮುಖ ಕಾಣಸಿಗುವುದು ಕಂಟ್ರೋಲಿನಲ್ಲಿ ಮಾತ್ರ, ಅದೂ ಹತ್ತು ಹದಿನೈದು ನಿಮಿಷ. ವೈದ್ಯನಾದವನು ನೋಡಬೇಕಾದುದನ್ನೆಲ್ಲ ಅಷ್ಟರಲ್ಲಿಯೇ ನೋಡಬೇಕು.

ಇಲ್ಲಿ ಒಂದು ಪ್ರಶ್ನೆಯನ್ನು ಎದುರಿಸಲೇಬೇಕು. ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡಬೇಕೆಂಬುದು ಆಯುರ್ವೇದದ ಪ್ರಸಿದ್ಧ ವಿಧಿ. ಅಷ್ಟಾಂಗಹೃದಯವು ಅದನ್ನೂ ಬಲಿಷ್ಠರಿಗೆ, ಸ್ನಿಗ್ಧಾಹಾರ ಸೇವಿಸುವವರಿಗೆ, ಶೀತಕಾಲ ಮತ್ತು ವಸಂತ ಋತುಗಳಲ್ಲಿ ಮಾತ್ರ ಹೇಳಿ, ಉಳಿದ ಕಾಲದಲ್ಲಿ ಇನ್ನೂ ಕಡಿಮೆ ಮಾಡಿರೆನ್ನುತ್ತದೆ. ಚರಕಸಂಹಿತೆಯು ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ಅತಿವ್ಯಾಯಾಮದಿಂದ ಬಳಲಿಕೆ, ಧಾತುಕ್ಷಯ, ಬಾಯಾರಿಕೆ, ರಕ್ತಪಿತ್ತ, ಕೆಮ್ಮು, ಜ್ವರ, ವಾಂತಿಗಳು ಉಂಟಾಗುತ್ತವೆಂದು ಎಚ್ಚರಿಸುತ್ತದೆ. ಅದೇ ಅಧ್ಯಾಯ ತಡೆಯಬಾರದ ಹದಿಮೂರು ವೇಗಗಳನ್ನೂ ಎಣಿಸುತ್ತದೆ: ಮೂತ್ರ, ಹಸಿವು, ನೀರಡಿಕೆ, ನಿದ್ರೆ, ಶ್ರಮದಿಂದ ಬಂದ ಏದುಸಿರು ಇವೆಲ್ಲ ಅದರಲ್ಲಿವೆ. 400 ಕಿ.ಮೀ. ತುಳಿಯುವವನು ಇಷ್ಟನ್ನೂ ಒಂದೇ ದಿನದಲ್ಲಿ ತಡೆಯುತ್ತಾನೆ. ಹಾಗಿರುವಾಗ ಆಯುರ್ವೇದ ವೈದ್ಯನಿಗೆ ಅಲ್ಲೇನು ಕೆಲಸ ಎಂದು ನನ್ನ ಸಹಪಾಠಿಯೊಬ್ಬರೇ ಮೂದಲಿಸಿದ್ದುಂಟು.

ಅವರ ಮಾತನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಆದರೆ ಅರ್ಧಶಕ್ತಿ ಎಂಬುದು ಎಲ್ಲರಿಗೂ ಒಂದೇ ಅಳತೆಯಲ್ಲ. ಎರಡು ವರ್ಷ ಕ್ರಮವಾಗಿ ಅಭ್ಯಾಸ ಮಾಡಿ, 200 ಮತ್ತು 300ರ ಮೆಟ್ಟಿಲು ಹತ್ತಿ ಬಂದವನ ಶಕ್ತಿಯೂ, ಮೊಬೈಲಿನಲ್ಲಿ ಗೆಳೆಯನ ಪದಕ ನೋಡಿ ಹೆಸರು ಬರೆಸಿದವನ ಶಕ್ತಿಯೂ ಒಂದೇ ಆಗಲಾರದು. ಎರಡನೆಯವನನ್ನು ತಡೆಯಬೇಕು. ತಡೆದರೂ ಹೊರಡುವವನಿಗೆ ದಾರಿಯಲ್ಲಿ ಯಾರಾದರೂ ಇರಬೇಕಲ್ಲ!

ಈಗ ಆ ರಾತ್ರಿಯ ಸಂಗತಿ. ಫಾಲ್ಗುಣದ ಆರಂಭ, ಹಗಲಿಡೀ ಬಿಸಿಲು ಸುಟ್ಟಿತ್ತು. ರಾತ್ರಿ 10ರ ಸುಮಾರಿಗೆ ಮೂವತ್ತೈದು ವರ್ಷದ ಸವಾರರೊಬ್ಬರು ಬಂದು, ಸೈಕಲ್ಲನ್ನು ಗೋಡೆಗೆ ಒರಗಿಸಲೂ ಆಗದೆ ಅಂಗಳದಲ್ಲಿ ಕುಳಿತುಬಿಟ್ಟರು. ತಲೆನೋವು, ಓಕರಿಕೆ, ದಾರಿಯಲ್ಲಿ ಎರಡು ಸಲ ವಾಂತಿಯಾಗಿತ್ತು. ಸಂಜೆಯಿಂದ ಮೂತ್ರವಾಗಿಲ್ಲ ಎಂದರು. ನಾನು ಯೋಚಿಸಲೇ ಇಲ್ಲ. ಬಿಸಿಲು, ಬೆವರು, ವಾಂತಿ, ಮೂತ್ರವಿಲ್ಲ. ಇದು ನಿರ್ಜಲೀಕರಣವೆಂದು ನಿಶ್ಚಯಿಸಿ ನೀರಿನ ತಂಬಿಗೆಯನ್ನು ಅವರ ಕೈಗೆ ಕೊಟ್ಟೆ. ಸ್ವಯಂಸೇವಕಿಯಾಗಿ ಬಂದಿದ್ದ ಒಬ್ಬ ಶುಶ್ರೂಷಕಿ, ನನ್ನ ಮಗಳ ವಯಸ್ಸಿನವಳು, ಮೆತ್ತಗೆ ಹೇಳಿದಳು: “ಸರ್, ಅವರ ಉಂಗುರ ನೋಡ್ರಿ.” ಉಂಗುರ ಬೆರಳಿನಲ್ಲಿ ಹೂತುಹೋಗಿತ್ತು. ಕೈ ಬಾತಿತ್ತು. ಎಷ್ಟು ನೀರು ಕುಡಿದಿರಿ ಎಂದು ಆಗ ಕೇಳಿದೆ. ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಅದು. “ನೀರಿಗೇನೂ ಕಡಿಮಿ ಮಾಡಿಲ್ರಿ ಸರ್, ಅರ್ಧ ತಾಸಿಗೊಮ್ಮೆ ಕುಡೀಬೇಕಂತ ಅಲಾರಾಂ ಇಟ್ಟೀನಿ” ಎಂದರು. ಬಾಟಲಿಗಳ ಲೆಕ್ಕ ಹಾಕಿದರೆ ಹದಿನಾರು ಗಂಟೆಗಳಲ್ಲಿ ಹತ್ತು ಲೀಟರು ದಾಟಿತ್ತು. ಹೆಚ್ಚಿನದೆಲ್ಲ ಬರಿಯ ನೀರು.

ಖಾನಾವಳಿಯಲ್ಲಿ ಅಕ್ಕಿ ಚೀಲ ತೂಗುವ ಯಂತ್ರವಿತ್ತು. ಅದರ ಮೇಲೆ ನಿಲ್ಲಿಸಿದೆವು. ಹಿಂದಿನ ದಿನ ಮನೆಯಲ್ಲಿ 68 ಕೆ.ಜಿ. ಇದ್ದವರು ಈಗ ಸುಮಾರು 70 ತೂಗಿದರು. 300 ಕಿ.ಮೀ. ತುಳಿದ ಮನುಷ್ಯನ ತೂಕ ಏರಿದೆ ಎಂದರೆ ಅದು ನೀರಡಿಕೆಯ ಕಾಯಿಲೆಯಲ್ಲ. ನೀರು ಹೆಚ್ಚಾದ ಕಾಯಿಲೆ. ಆ ತಂಬಿಗೆಯನ್ನು ನಾನೇ ಕೈಯಿಂದ ಕಸಿದುಕೊಂಡೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಕ್ತದಲ್ಲಿ ಸೋಡಿಯಂ ಅಂಶ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ದೀರ್ಘಶ್ರಮದ ವೇಳೆ ನೀರನ್ನು ಹಿಡಿದಿಟ್ಟುಕೊಳ್ಳುವ ಹಾರ್ಮೋನು ಹೆಚ್ಚು ಸ್ರವಿಸಿ, ಮೂತ್ರಪಿಂಡಗಳು ಹೆಚ್ಚುವರಿ ನೀರನ್ನು ಹೊರಹಾಕುವುದಿಲ್ಲ. ಬೆವರಿನಲ್ಲಿ ಉಪ್ಪು ಹೋಗುತ್ತಿರುತ್ತದೆ, ಮೇಲಿನಿಂದ ಬರಿಯ ನೀರು ಸುರಿಯುತ್ತಿರುತ್ತದೆ. ರಕ್ತದ ಉಪ್ಪು ತೆಳುವಾಗುತ್ತದೆ. ನೀರು ಜೀವಕೋಶಗಳೊಳಗೆ ನುಗ್ಗಿ ಮೆದುಳು ಬಾತುಕೊಂಡರೆ ಮೊದಲು ತಲೆನೋವು, ವಾಂತಿ. ಬಳಿಕ ಗೊಂದಲದ ಮಾತು, ಸೆಳವು, ಕೊನೆಗೆ ಪ್ರಾಣಾಪಾಯ. ಮೂತ್ರವಾಗದಿರುವುದು ಎರಡೂ ಸ್ಥಿತಿಗಳಲ್ಲಿ ಕಾಣಬಹುದು. ನಾನು ಮೋಸಹೋದದ್ದು ಅಲ್ಲಿಯೇ. ಇದು ಅಪರೂಪವೆಂದು ತಿಳಿಯಬೇಡಿ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಜನರಲ್ಲಿ ಸೋಡಿಯಂ ಇಳಿದಿತ್ತು.

ಇದು ಕಷಾಯದಿಂದ ಗುಣವಾಗುವ ರೋಗವಲ್ಲ ಎಂಬುದನ್ನು ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ. ನೀರು ನಿಲ್ಲಿಸಿದೆವು. ಎಚ್ಚರವಿದ್ದು ನುಂಗಬಲ್ಲವರಾಗಿದ್ದರಿಂದ ಗಾಢವಾದ ಉಪ್ಪು ನೀರನ್ನು ಗುಟುಕು ಗುಟುಕಾಗಿ ಕೊಟ್ಟು, ಸಂಘಟಕರು ಮೊದಲೇ ಗೊತ್ತುಮಾಡಿದ್ದ ಕಾರಿನಲ್ಲಿ ದಾವಣಗೆರೆಯ ಆಸ್ಪತ್ರೆಗೆ ಕಳಿಸಿದೆವು. ಶುಶ್ರೂಷಕಿ ಜೊತೆಗೆ ಹೋದಳು. ಅಲ್ಲಿ ರಕ್ತ ಪರೀಕ್ಷೆಯಲ್ಲಿ ಸೋಡಿಯಂ 124 ಬಂತು. ಅಲ್ಲಿನ ವೈದ್ಯರು ಶೇ. 3ರ ಗಾಢ ಲವಣದ್ರಾವಣ ಕೊಟ್ಟರು. ಎರಡು ದಿನಗಳ ಮೇಲೆ ಅವರು ಮನೆಗೆ ಮರಳಿದರು. ನಾನು ಕೊಡಲಿದ್ದ ಒಂದು ತಂಬಿಗೆ ನೀರು, ಅದರ ಹಿಂದೆ ಇನ್ನೊಂದು, ಎಲ್ಲಿಗೆ ಒಯ್ಯುತ್ತಿತ್ತೆಂಬುದನ್ನು ನೆನೆದು ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಆ ಬಳಿಕ ನಮ್ಮ ತಾಣದ ಕ್ರಮವೇ ಬದಲಾಯಿತು. ತೂಕದ ಯಂತ್ರ ಮುದ್ರೆ ಒತ್ತುವ ಮೇಜಿನ ಪಕ್ಕದಲ್ಲಿಯೇ ಇರುತ್ತದೆ. ಹೊರಡುವ ಮುಂಜಾನೆಯ ತೂಕವನ್ನು ಪ್ರತಿಯೊಬ್ಬರ ಕಾರ್ಡಿನ ಹಿಂಬದಿಯಲ್ಲಿ ಬರೆಸುತ್ತೇವೆ. ತೂಕ ಸ್ವಲ್ಪ ಇಳಿದಿದ್ದರೆ ಸಹಜ. ಏರಿದ್ದರೆ ಆ ಸವಾರನನ್ನು ನಾನು ಎದುರಿಗೆ ಕೂರಿಸಿಕೊಳ್ಳುತ್ತೇನೆ. “ಕುಡೀರಿ, ಕುಡೀರಿ” ಎಂದು ಒತ್ತಾಯಿಸಕೂಡದೆಂದು ಸ್ವಯಂಸೇವಕರಿಗೆ ಕಟ್ಟಪ್ಪಣೆ. ನೀರಡಿಕೆಯೂ ತಡೆಯಬಾರದ ವೇಗವೇ. ಆದರೆ ಇಲ್ಲದ ನೀರಡಿಕೆಯನ್ನು ಅಲಾರಾಂ ಇಟ್ಟು ಬರಿಸಿಕೊಳ್ಳಬೇಕೆಂದು ಯಾರೂ ಹೇಳಿಲ್ಲ. ಉಪ್ಪು ಹಾಕಿಕೊಂಡರೆ ಎಷ್ಟು ಬೇಕಾದರೂ ನೀರು ಕುಡಿಯಬಹುದೆಂಬ ನಂಬಿಕೆಯೂ ತಪ್ಪು.

ಊಟದ ವಿಷಯದಲ್ಲಿ ನನ್ನ ಶಾಸ್ತ್ರ ಚೆನ್ನಾಗಿ ಕೈಹಿಡಿಯುತ್ತದೆ. ಚರಕರು ಶ್ರಮವನ್ನು ಹೋಗಲಾಡಿಸುವ ಹತ್ತು ದ್ರವ್ಯಗಳನ್ನು ಒಂದು ಗಣವಾಗಿ ಹೇಳಿದ್ದಾರೆ. ದ್ರಾಕ್ಷಿ, ಖರ್ಜೂರ, ದಾಳಿಂಬೆ, ಬೋರೆಹಣ್ಣು, ಅಂಜೂರ, ಕಬ್ಬು, ಜವೆ, ಅರವತ್ತು ದಿನದ ಅಕ್ಕಿ ಅದರಲ್ಲಿವೆ. ಸಕ್ಕರೆಯೂ ಪಿಷ್ಟವೂ ಸುಲಭವಾಗಿ ಒದಗುವ ಪದಾರ್ಥಗಳೇ ಇವು. ನಾವು ಖರ್ಜೂರ, ಒಣದ್ರಾಕ್ಷಿ, ಬಾಳೆಹಣ್ಣು, ಶೇಂಗಾ ಚಿಕ್ಕಿ ಇಡುತ್ತೇವೆ. ರಾತ್ರಿ ಬಂದವರಿಗೆ ಉಪ್ಪು ಹಾಕಿದ ಬಿಸಿ ಗಂಜಿ, ಮೊಸರನ್ನ, ಜೀರಿಗೆಯ ಮಜ್ಜಿಗೆ. ಎಲ್ಲ ಮಾಡಿಟ್ಟು ಕುಳಿತರೆ ಅರ್ಧದಷ್ಟು ಜನ ಎದುರಿನ ಗಾಡಿಯಲ್ಲಿ ಮಿರ್ಚಿ ಕರಿಯುವ ವಾಸನೆಗೆ ರಸ್ತೆ ದಾಟುತ್ತಾರೆ, ಐವತ್ತು ಕಿ.ಮೀ. ಮುಂದೆ ಹೋಗಿ ಎದೆಯುರಿಯೆಂದು ಫೋನು ಮಾಡುತ್ತಾರೆ. ಇದಕ್ಕೆ ಇನ್ನೂ ಔಷಧ ಕಂಡುಕೊಂಡಿಲ್ಲ.

ಹಗಲಿನ ಕಂಟ್ರೋಲಿನಲ್ಲಿ ಭಯ ಬೇರೆ. ಬಿಸಿಲಿನಲ್ಲಿ ಬಂದವನು ತಡಬಡಿಸಿ ಮಾತಾಡಿದರೆ, ಮೈ ಕೆಂಡದಂತಿದ್ದರೆ, ಅದು ಉಷ್ಣಾಘಾತ. ಬೆವರು ಹರಿಯುತ್ತಿದ್ದರೂ ಇರಬಹುದು. ದೇಹದ ಒಳಗಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಆಗ ಮೊದಲು ತಂಪು ಮಾಡಬೇಕು, ಬಳಿಕ ಸಾಗಿಸಬೇಕು. ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕಿ, ಕುತ್ತಿಗೆ, ಕಂಕುಳು, ತೊಡೆಸಂದುಗಳಿಗೆ ಮಂಜುಗಡ್ಡೆ ಇಡುತ್ತಾ 108ಕ್ಕೆ ಕರೆ ಮಾಡಬೇಕು. ಇದಕ್ಕಾಗಿಯೇ ಎರಡು ಪೆಟ್ಟಿಗೆ ಮಂಜುಗಡ್ಡೆ ನಮ್ಮ ಪಟ್ಟಿಯಲ್ಲಿ ಮೊದಲಿಗೆ ಬರುತ್ತದೆ.

ನಿದ್ರೆಯ ವಿಷಯದಲ್ಲಿ ನಾನು ಕಠಿಣ. ಹೆದ್ದಾರಿಯಲ್ಲಿ ಲಾರಿಗಳ ನಡುವೆ ತೂಕಡಿಸುವವನಿಗೆ ಯಾವ ಪದಕವೂ ಉಪಯೋಗಕ್ಕೆ ಬಾರದು. ಖಾನಾವಳಿಯ ಯಜಮಾನರು ನಾಲ್ಕು ಹೊರಸು ಹಾಕಿಕೊಡುತ್ತಾರೆ. ಮಾತು ಜಾರುತ್ತಿದ್ದವರನ್ನು ಇಪ್ಪತ್ತು ನಿಮಿಷ ಮಲಗಿಸಿ, ಹೇಳಿದ ಹೊತ್ತಿಗೆ ಎಬ್ಬಿಸುವ ಕೆಲಸಕ್ಕೆಂದೇ ಒಬ್ಬ ಹುಡುಗನಿದ್ದಾನೆ. ಎಬ್ಬಿಸುತ್ತಾರೆಂಬ ನಂಬಿಕೆ ಇದ್ದರೆ ಮಾತ್ರ ಸವಾರ ಮಲಗುತ್ತಾನೆ. ಇನ್ನು ನೋವಿನ ಮಾತ್ರೆ: ಬೆವರಿ ಬಳಲಿದವನು ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು, ನಮ್ಮ ಮೇಜಿನ ಮೇಲೆ ಅವು ಇರುವುದಿಲ್ಲ. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುವುದು ಹ್ಯಾಂಡಲ್ಲಿನ ಮೇಲೆ ಅಂಗೈ ಊರಿ ನರ ಒತ್ತಿದ್ದರಿಂದ. ಕೈಯ ಹಿಡಿತ ಆಗಾಗ ಬದಲಿಸಬೇಕು. ಮನೆಗೆ ಮರಳಿ, ಒಂದು ದಿನ ವಿಶ್ರಮಿಸಿದ ಮೇಲೆ ಎಳ್ಳೆಣ್ಣೆಯ ಅಭ್ಯಂಗ, ಬಿಸಿನೀರ ಸ್ನಾನ ಹಿತ.

ಆ ಹಿರಿಯರಿಗೆ ಇಷ್ಟನ್ನು ಹೇಳಿ, ಮಗನನ್ನು ನನ್ನಲ್ಲಿಗೆ ಕಳಿಸಿರೆಂದೆ. ಕಳೆದ ಭಾನುವಾರ ಬಂದಿದ್ದ. 200 ಮುಗಿಸಿದ್ದಾನೆ, 300 ಮಾಡಿಲ್ಲ. ಅದನ್ನು ಮುಗಿಸಿ ಬಾ ಎಂದು ಹೇಳಿದ್ದೇನೆ; ಮುಖ ಸ್ವಲ್ಪ ಸಣ್ಣದಾಯಿತು. ಅಂದು ಆಸ್ಪತ್ರೆ ಸೇರಿದ್ದ ಸವಾರರು ಮರುವರ್ಷ ಮತ್ತೆ ಹೆಸರು ಬರೆಸಿದ್ದರು. ರಾತ್ರಿ 11ಕ್ಕೆ ನಮ್ಮ ಅಂಗಳಕ್ಕೆ ಬಂದವರು ಕಾರ್ಡು ಚಾಚುವ ಮೊದಲೇ ತೂಕದ ಯಂತ್ರ ಹತ್ತಿ ನಿಂತು, ಅಂಕಿಯನ್ನು ನನಗೆ ಓದಿ ಹೇಳಿದರು. ಬೆಳಗಿನ ತೂಕಕ್ಕಿಂತ 800 ಗ್ರಾಂ ಕಡಿಮೆಯಿತ್ತು. ಗಂಜಿ ಕುಡಿದು, ಹೊರಸಿನ ಮೇಲೆ ಇಪ್ಪತ್ತು ನಿಮಿಷ ಮಲಗಿ, ಹಾವೇರಿಯ ಕಡೆಗೆ ಹೊರಟರು.