ಕಾಲಿನ ಸ್ನಾಯು ಸೆಳೆತ: ಕಾರಣ ಅರಿತು ಎಚ್ಚರ ವಹಿಸಿ



ಹೊಲದಲ್ಲಿ ಕೆಲಸ ಮಾಡುವಾಗ ಅಥವಾ ರಾತ್ರಿ ನಿದ್ರೆಯಲ್ಲಿ ಮೀನಖಂಡ ಒಮ್ಮೆಲೇ ಕಲ್ಲಿನಂತೆ ಗಟ್ಟಿಯಾಗಿ ಹಿಡಿದುಕೊಳ್ಳುವುದುಂಟು. ಇದನ್ನು ‘ವಾಯು’ ಎಂದು ಬಿಟ್ಟುಬಿಡುವುದು ವಾಡಿಕೆ. ಆದರೆ ಇದಕ್ಕೆ ಕಾರಣಗಳು ಹಲವು. ಹೆಚ್ಚಿನವು ನಿರಪಾಯಕರ, ಕೆಲವು ಮಾತ್ರ ಅಪಾಯದ ಸೂಚನೆ.

ದಣಿವು: ಕುಕ್ಕರಗಾಲಿನಲ್ಲಿ ಕುಳಿತು ರಾಗಿಯ ಕಳೆ ಕೀಳುವುದರಿಂದ ಸ್ನಾಯು ದಣಿಯುತ್ತದೆ. ರಾಮನಗರ, ಕನಕಪುರದ ರೇಷ್ಮೆ ಬೆಳೆಗಾರರಿಗೆ ಹುಳು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಸೊಪ್ಪು ಕೊಯ್ದು ಹಾಕುವುದರಲ್ಲಿ ಬಿಡುವೇ ಇರುವುದಿಲ್ಲ. ನಡುನಡುವೆ ಎದ್ದು ಕಾಲು ನೀಡಿ.

ಬೆವರು: ಬಿಸಿಲಿನಲ್ಲಿ ಬೆವರಿನೊಡನೆ ನೀರೂ ಉಪ್ಪೂ ಹೋಗುತ್ತವೆ. ನೆರಳಿಗೆ ಬಂದು ಉಪ್ಪು ಬೆರೆಸಿದ ಮಜ್ಜಿಗೆ ಕುಡಿಯಿರಿ. ಅಥವಾ ಒಂದು ಲೀಟರ್ ಶುದ್ಧ ನೀರಿಗೆ 6 ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಕುಡಿಯಿರಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಉಳ್ಳವರು ವೈದ್ಯರನ್ನು ಕೇಳಬೇಕು.

ಇತರ ಕಾರಣಗಳು: ವಯಸ್ಸಾದವರಲ್ಲಿ, ಗರ್ಭಿಣಿಯರಲ್ಲಿ, ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಲ್ಲಿ ರಾತ್ರಿ ಸೆಳೆತ ಹೆಚ್ಚು. ನಡೆದರೆ ನೋವು, ನಿಂತರೆ ಶಮನ ಎಂಬಂತಿದ್ದರೆ ರಕ್ತನಾಳ ಕಿರಿದಾಗಿರಬಹುದು. ಬೀಡಿ ಸೇದುವವರಿಗೆ ಇದರ ಸಂಭವ ಅಧಿಕ. ಒಂದೇ ಕಾಲು ಊದಿ ಬಿಸಿಯಾದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಕೀಟನಾಶಕ: ಮಾಗಡಿ, ಚನ್ನಪಟ್ಟಣದ ಮಾವಿನ ಬೆಳೆಗಾರರು ಇದನ್ನು ಮುಖ್ಯವಾಗಿ ಗಮನಿಸಬೇಕು. ಹೂ ಬಿಡುವ ಕಾಲದಲ್ಲಿ ಜಿಗಿಹುಳುವಿಗೆ ಸಿಂಪಡಿಸುವಾಗ ಔಷಧದ ತುಂತುರು ಮೇಲಿನಿಂದ ಮೈಮೇಲೆಯೇ ಬೀಳುತ್ತದೆ. ಆರ್ಗನೋಫಾಸ್ಫರಸ್ ಗುಂಪಿನ ಕೀಟನಾಶಕಗಳು ಚರ್ಮದ ಮೂಲಕವೂ ದೇಹ ಸೇರುತ್ತವೆ. ನರದ ಸಂದೇಶವನ್ನು ನಿಲ್ಲಿಸುವ ಕಿಣ್ವವನ್ನು ಅವು ಕೆಡಿಸುವುದರಿಂದ ಸ್ನಾಯು ಸಡಿಲಗೊಳ್ಳದೆ ಅದುರುತ್ತದೆ, ಸೆಳೆಯುತ್ತದೆ. ಸಿಂಪಡಿಸಿದ ದಿನ ಸೆಳೆತದೊಡನೆ ಅತಿ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜಾಗುವುದು, ಉಸಿರುಕಟ್ಟುವುದು ಕಂಡರೆ ಅದನ್ನು ಬಿಸಿಲಿನ ದಣಿವೆಂದು ಭಾವಿಸಬೇಡಿ. ಬಟ್ಟೆ ಕಳಚಿಸಿ, ಸೋಪು ನೀರಿನಿಂದ ಮೈ ತೊಳೆದು, ಔಷಧದ ಡಬ್ಬಿಯ ಚೀಟಿಯೊಡನೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ತೊಳೆಯುವವರು ಕೈಗವಸು ಧರಿಸಬೇಕು. ಮನೆಮದ್ದು ಮಾಡುತ್ತಾ ಕಾಲ ಕಳೆಯಬಾರದು.

ತಕ್ಷಣದ ಉಪಶಮನ: ಸಾಮಾನ್ಯ ಸೆಳೆತವಾದರೆ ಮೊಣಕಾಲು ನೇರವಾಗಿಟ್ಟು, ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ನಿಧಾನವಾಗಿ ಎಳೆದು ಹಿಡಿಯಿರಿ, ಮೀನಖಂಡವನ್ನು ಮೃದುವಾಗಿ ನೀವಿ. ಕೆಲವೇ ನಿಮಿಷಗಳಲ್ಲಿ ಸೆಳೆತ ಬಿಡುತ್ತದೆ.

ಸಿಂಪರಣೆಗೆ ಮುನ್ನ ಉದ್ದ ತೋಳಿನ ಅಂಗಿ, ಕೈಗವಸು, ಮುಖಕವಚ, ಟೋಪಿ ಧರಿಸಿರಿ. ಗಾಳಿಗೆ ಎದುರಾಗಿ ಸಿಂಪಡಿಸಬೇಡಿ. ಬೆಳೆಯ ರಕ್ಷಣೆಗೆ ಹೊರಟವರು ಮೊದಲು ತಮ್ಮ ರಕ್ಷಣೆ ಮಾಡಿಕೊಳ್ಳಬೇಕು.